ಅತ್ತಿಯ ಹೂವು

ನಮ್ಮೂರಿನ ಹಳ್ಳದ ದಂಡೆಯಲ್ಲಿ, ಅರ್ಧ ಬೇರು ನೀರಿಗೂ ಅರ್ಧ ಬೇರು ನೆಲಕ್ಕೂ ಇಳಿಬಿಟ್ಟು ನಿಂತಿರುವ ಮುದಿ ಅತ್ತಿಯ ಮರವೊಂದುಂಟು. ಊರಿಗೆ ಹೋದಾಗಲೆಲ್ಲ, ಬಂಧುಗಳ ಯೋಗಕ್ಷೇಮವನ್ನು ವಿಚಾರಿಸಿದ ಮೇಲೆ, ಒಂದು ಚಾಕು, ಒಂದು ಭೂತಗನ್ನಡಿ, ಕೂರುವುದಕ್ಕೊಂದು ಗೋಣಿತಾಟು ಹಿಡಿದು ಆ ಮರದಡಿಗೆ ಹೊರಟುಬಿಡುವುದು ನನಗೆ ಎಷ್ಟೋ ವರ್ಷಗಳಿಂದ ಅಂಟಿಬಂದ ಹವ್ಯಾಸ. ಕಾಂಡಕ್ಕೇ ಗೊಂಚಲುಗೊಂಚಲಾಗಿ ಅಂಟಿಕೊಂಡಿರುವ ಕಾಯಿಗಳಲ್ಲೊಂದನ್ನು ಕಿತ್ತು, ಒಸರುವ ಹಾಲನ್ನು ಒರೆಸಿ, ಎರಡು ಹೋಳು ಮಾಡಿ ಒಳಗನ್ನು ನೋಡುವುದು. ನನ್ನ ವಿನೋದವೆಲ್ಲ ಇಷ್ಟೇ.

ಅತ್ತಿಯ ಹೂವು ನಡುರಾತ್ರಿಯಲ್ಲಿ ಅರಳುವುದೆಂದೂ, ಅದನ್ನು ಕಂಡವನ ಮನೆಯ ಕಣಜ ಎಂದಿಗೂ ಬರಿದಾಗದೆಂದೂ ನಮ್ಮಜ್ಜಿ ಹೇಳುತ್ತಿದ್ದಳು. ಹೂವು ತೋರದೆಯೇ ಫಲ ಕೊಡುವ ವೃಕ್ಷಗಳನ್ನು ಪ್ರಾಚೀನರು ವನಸ್ಪತಿಯೆಂದು ಬೇರೆಯಾಗಿಯೇ ಗಣಿಸಿದರು. ಆದರೆ ಆ ಹೂವು ಎಲ್ಲಿಯೂ ಹೋಗಿಲ್ಲ. ನಾವು ಕಾಯಿಯೆಂದು ಕರೆಯುವುದೇ ಒಳಮುಖವಾಗಿ ಮಡಿಚಿಕೊಂಡ ಒಂದು ಹೂದೋಟ. ಚಾಕು ತಾಗಿದೊಡನೆ ಸಾಸಿವೆಗಿಂತ ಸಣ್ಣ ನೂರಾರು ಹೂಗಳು, ಗೋಡೆಯಿಂದ ನಡುವಿನ ಪೊಳ್ಳಿನೆಡೆಗೆ ಮುಖಮಾಡಿ, ಒತ್ತೊತ್ತಾಗಿ ನಿಂತಿರುವುದನ್ನು ಮೊದಲ ಬಾರಿ ಕಂಡ ದಿನ ನನಗಾದ ರೋಮಾಂಚನ ಇಂದಿಗೂ ಮಾಸಿಲ್ಲ.

ಈ ಅಂತಃಪುರಕ್ಕೆ ಇರುವುದು ಒಂದೇ ದ್ವಾರ. ತೊಟ್ಟಿನ ಎದುರು ತುದಿಯಲ್ಲಿ, ಪುಟ್ಟ ಎಸಳುಗಳು ಒಂದರ ಮೇಲೊಂದು ಕವಿದು ಮುಚ್ಚಿರುವ ಆ ಕಿಂಡಿಯಲ್ಲಿ ನುಸುಳಬಲ್ಲುದು ಎರಡು ಮಿಲಿಮೀಟರಿನಷ್ಟು ಉದ್ದದ ಒಂದು ಹೆಣ್ಣು ಕಣಜ ಮಾತ್ರ. ವಿಜ್ಞಾನಿಗಳು ಇದನ್ನು ಸೆರಾಟೊಸೋಲೆನ್ ಫ್ಯುಸಿಸೆಪ್ಸ್ ಎನ್ನುತ್ತಾರೆ. ನುಸುಳುವ ಭರದಲ್ಲಿ ಆಕೆಯ ರೆಕ್ಕೆಗಳು ಹರಿದು ಕಿಂಡಿಯ ಬಾಯಲ್ಲೇ ಉಳಿಯುತ್ತವೆ, ಮೀಸೆಗಳೂ ಮುರಿಯುವುದುಂಟು. ಮರಳಿ ಹೊರಬರುವ ಮಾತಿಲ್ಲ. ಒಳಗೆ ಸೇರಿದವಳು ತಾನು ಹುಟ್ಟಿದ ಮರದಿಂದ ಎದೆಯ ಚೀಲಗಳಲ್ಲಿ ತುಂಬಿತಂದ ಪರಾಗವನ್ನು ಮುಂಗಾಲುಗಳಿಂದ ತೆಗೆದು ಹೂಗಳಿಗೆ ಸವರುತ್ತಾಳೆ, ಕೆಲವು ಹೂಗಳಲ್ಲಿ ಮೊಟ್ಟೆಯಿಡುತ್ತಾಳೆ, ಅಲ್ಲಿಯೇ ಸಾಯುತ್ತಾಳೆ. ಮೊಟ್ಟೆ ಬಿದ್ದ ಹೂವು ಮರಿಗೆ ತೊಟ್ಟಿಲಾಗುತ್ತದೆ. ಉಳಿದದ್ದು ಮರಕ್ಕೆ ಬೀಜವಾಗುತ್ತದೆ.

ವಾರಗಳು ಕಳೆದ ಮೇಲೆ ಅದೇ ಗೊಂಚಲಿನ ಕಾಯಿಯನ್ನು ಕೊಯ್ದರೆ ಕಾಣುವ ನೋಟವೇ ಬೇರೆ. ಮೊದಲು ಹೊರಬೀಳುವವು ರೆಕ್ಕೆಯಿಲ್ಲದ ಗಂಡುಗಳು. ಇನ್ನೂ ತೊಟ್ಟಿಲಲ್ಲೇ ಇರುವ ಹೆಣ್ಣುಗಳನ್ನು ಕೂಡಿ, ಬಳಿಕ ಗೋಡೆಯನ್ನು ಹಲ್ಲಿನಿಂದ ಕೊರೆದು ಬೆಳಕಿಗೊಂದು ದಾರಿ ಮಾಡಿಕೊಟ್ಟು, ತಾವು ಆ ದಾರಿಯಲ್ಲಿ ಹಾರದೆ ಮಡಿಯುತ್ತವೆ. ಅಷ್ಟು ಹೊತ್ತಿಗೆ ಗಂಡು ಹೂಗಳು ಪಕ್ವವಾಗಿರುತ್ತವೆ. ಹೆಣ್ಣುಗಳು ಅವುಗಳ ಪರಾಗವನ್ನು ತುಂಬಿಕೊಂಡು ಹೊರಟುನಿಲ್ಲುತ್ತವೆ. ಈ ಗೋಡೆ ಕೊರೆಯುವ ಗಳಿಗೆಯನ್ನು ಹಿಡಿಯುವುದಕ್ಕಾಗಿ ನಾನು ಕಳೆದ ಮುಂಜಾವುಗಳಿಗೆ ಲೆಕ್ಕವಿಲ್ಲ. ಮಾಗಿದ ಕಾಯಿಯ ಮೇಲೆ ಸೂಜಿಮೊನೆಯಷ್ಟು ತೂತು ಕಾಣಿಸಿ, ಅದರೊಳಗಿಂದ ಮೊದಲು ಮೀಸೆ, ಅನಂತರ ತಲೆ, ಆಮೇಲೆ ಮಡಿಕೆ ಬಿಚ್ಚುವ ರೆಕ್ಕೆ ಹೊರಬರುವಾಗ, ಭೂತಗನ್ನಡಿ ಹಿಡಿದ ಕೈ ಅಲುಗದಂತೆ ನಾನು ಉಸಿರನ್ನೇ ಬಿಗಿಹಿಡಿದಿರುತ್ತೇನೆ.

ಆಕೆಯ ಆಯುಸ್ಸು ಒಂದೆರಡು ದಿನ. ಅಷ್ಟರೊಳಗೆ, ಸರಿಯಾದ ಹದದಲ್ಲಿ ಕಾಯಿ ಹೊತ್ತ ಮತ್ತೊಂದು ಅತ್ತಿಯನ್ನು ಅದರ ಗಂಧವೊಂದರಿಂದಲೇ ಅರಸಬೇಕು. ಗಾಳಿಯೇ ಆಕೆಗೆ ವಾಹನ. ಆಫ್ರಿಕದ ನಮೀಬಿಯಾದಲ್ಲಿ, ನಮ್ಮ ಅತ್ತಿಗೆ ದಾಯಾದಿಯಾದ ಸೈಕಮೋರ್ ಮರಗಳನ್ನು ಪರಿಶೀಲಿಸಿದವರು 2009ರಲ್ಲಿ, ಅಂಥ ಕಣಜಗಳು 160 ಕಿಲೋಮೀಟರಿನಷ್ಟು ದೂರಕ್ಕೂ ಪರಾಗವನ್ನು ಒಯ್ಯುತ್ತವೆಂದು ತಿಳಿಸಿದರು.

ಎಲ್ಲ ಅತಿಥಿಗಳೂ ಉಪಕಾರಿಗಳಲ್ಲ. ಪರಾಗ ತಾರದೆ, ಒಳಗೂ ಬಾರದೆ, ಹೊರಗೆ ಕುಳಿತೇ ಕೂದಲಿಗಿಂತ ತೆಳುವಾದ ನಳಿಗೆಯನ್ನು ಗೋಡೆಯೊಳಗೆ ಇಳಿಸಿ ಮೊಟ್ಟೆಯಿಡುವ ಕಳ್ಳ ಕಣಜಗಳೂ ಇವೆ. ಅಂಥ ಒಂದು ಕಣಜದ ನಳಿಗೆಯ ಹಲ್ಲುಳ್ಳ ತುದಿಯು ಸತುವಿನಿಂದ ಗಟ್ಟಿಗೊಂಡಿದೆಯೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2014ರಲ್ಲಿ ಪ್ರಕಟಿಸಿದರು. ಲೋಹದ ಬೈರಿಗೆ! ಆದರೆ ಕೊರೆಯುತ್ತ ಬಹಳ ಹೊತ್ತು ಕದಲದೆ ಕುಳಿತವಳು ಚಗಳಿಗೆ ಸುಲಭವಾದ ತುತ್ತು. ನಮ್ಮ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟಿರುವ ಆ ಕೆಂಪು ಇರುವೆಗಳು ಕಾಯಿಯ ಮೇಲೆ ಪಹರೆ ತಿರುಗುವುದನ್ನು ನೋಡುತ್ತ, ನನ್ನ ಕಾಲಿಗೂ ಕಡಿಸಿಕೊಂಡು, ಮಧ್ಯಾಹ್ನದ ಊಟವನ್ನು ಮರೆತದ್ದುಂಟು.

ಅತ್ತಿಹಣ್ಣಿನ ಹೊರಗು ಚೆಂದ, ಬಿಚ್ಚಿದರೆ ಹುಳವೆಂಬ ನಿಂದೆಯನ್ನು ಬಾಲ್ಯದಲ್ಲಿ ನಾನೂ ನಂಬಿ, ಹಣ್ಣನ್ನು ಹಳ್ಳಕ್ಕೆ ಎಸೆದವನೇ. ಆ ಹುಳುವಿಲ್ಲದೆ ಅದರೊಳಗೆ ಬೀಜವೊಂದೂ ಕಟ್ಟುತ್ತಿರಲಿಲ್ಲವೆಂಬುದು ಆಗ ಗೊತ್ತಿರಲಿಲ್ಲ. ಧಾನ್ಯ ತುಂಬಿಡುವ ಉಗ್ರಾಣಕ್ಕೂ ಈ ಕೀಟಕ್ಕೂ ನಮ್ಮ ನುಡಿ ಕಣಜವೆಂಬ ಒಂದೇ ಹೆಸರನ್ನಿತ್ತಿರುವುದು ಎರಡು ಬೇರೆ ಪದಗಳ ಆಕಸ್ಮಿಕ ಸಾಮ್ಯವಿರಬಹುದು; ಆದರೂ ಹೋಳಾದ ಕಾಯಿಯಿಂದ ಅವು ಅಂಗೈಯ ಮೇಲೆ ಹರಿದುಬಂದಾಗಲೆಲ್ಲ ಅಜ್ಜಿಯ ಮಾತು ನೆನಪಾಗುತ್ತದೆ. ಕಳೆದ ಬಾರಿ ಹಾಗೆ ಬಂದ ಒಂದು ಹೆಣ್ಣು ನನ್ನ ಕಿರುಬೆರಳಿನ ತುದಿಗೆ ಏರಿ, ಮೀಸೆಯನ್ನು ಒಮ್ಮೆ ಸವರಿಕೊಂಡು, ಹಳ್ಳದ ಮೇಲಿನಿಂದ ಬೀಸಿದ ಗಾಳಿಗೆ ಮೈಯೊಡ್ಡಿ ಹೊರಟುಹೋಯಿತು.