ಖಾಲಿ ಕೈಲಿ ಬರೋದೂ ಒಂದು ಆಟ

ನಮ್ಮ ಕೆರೂರಿನಲ್ಲಿ ಕಬಡ್ಡಿ ರೇಡಿಗೆ ಹೋದವನು ಖಾಲಿ ಕೈಲಿ ವಾಪಸ್ ಬಂದರೆ ಮಂದಿ ಸುಮ್ಮನೆ ಬಿಡೋದಿಲ್ಲ. "ಏನಲೇ, ಬೀಗರ ಮನಿಗೆ ಹೋಗಿದ್ದೇನ?" ಅಂತ ಯಾರಾದರೂ ಕೂಗುತ್ತಾರೆ, ಉಳಿದವರು ನಗುತ್ತಾರೆ. ಅದಕ್ಕೇ ನಾನು ಖಾಲಿ ಕೈಲಿ ಬರುತ್ತಲೇ ಇರಲಿಲ್ಲ. ಒಂದೋ ಪಾಯಿಂಟ್ ತರುತ್ತಿದ್ದೆ, ಇಲ್ಲಾ ಅಲ್ಲೇ ಔಟ್ ಆಗುತ್ತಿದ್ದೆ. 18 ವರ್ಷ ತುಂಬುವಷ್ಟರಲ್ಲಿ ಸುತ್ತಲಿನ ಹಳ್ಳಿಗಳ ಜಾತ್ರೆ ಟೂರ್ನಿಗಳಲ್ಲಿ ಮೈಕ್ ಹಿಡಿದವರು ನನ್ನ ಹೆಸರಿಗೆ ಮೊದಲು 'ಕೆರೂರ ಹುಲಿ' ಅಂತ ಸೇರಿಸತೊಡಗಿದ್ದರು. ತಮಾಷೆಗೆ ಹೇಳಿದ್ದನ್ನು ನಾನು ನಿಜ ಅಂತಲೇ ನಂಬಿಬಿಟ್ಟಿದ್ದೆ.

ಕಬಡ್ಡಿ ನಮಗೆ ಹೊಸದಲ್ಲ. ಆದರೆ ಅದರಿಂದ ಹೊಟ್ಟೆ ತುಂಬುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ. 2014ರ ಜುಲೈನಲ್ಲಿ ಪ್ರೊ ಕಬಡ್ಡಿ ಶುರುವಾದಾಗ ನನಗೆ 15. ಬಸ್ ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯ ಟಿವಿ ಮುಂದೆ ನಿಂತು, ಚಹಾ ಕುಡಿಯದೆ, ಅಂಗಡಿಯವನಿಂದ ಬೈಸಿಕೊಂಡು ನೋಡಿದ್ದೆ. ನಾವು ಮಣ್ಣಲ್ಲಿ ಆಡುವ ಆಟಕ್ಕೆ ಬಣ್ಣದ ಲೈಟು, ಕ್ಯಾಮೆರಾ! ಮರುದಿನವೇ ಹುಡುಗರೆಲ್ಲ ಸೇರಿ ಸುಣ್ಣದಲ್ಲಿ ಬೋನಸ್ ಲೈನ್ ಹಾಕಿದೆವು. 2018ರ ಹರಾಜಿನಲ್ಲಿ ಮೋನು ಗೋಯತ್‌ಗೆ 1.51 ಕೋಟಿ ಸಿಕ್ಕಾಗ, ಅಷ್ಟು ದುಡ್ಡಿಗೆ ನಮ್ಮ ಕಡೆ ಎಷ್ಟು ಎಕರೆ ಹೊಲ ಬರುತ್ತದೆ ಅಂತ ಅಪ್ಪ ರಾತ್ರಿಯೆಲ್ಲ ಲೆಕ್ಕ ಹಾಕಿದ.

2019ರ ಬೇಸಿಗೆಯಲ್ಲಿ, ಒಂದೆರಡು ಟ್ರಯಲ್ಸ್ ದಾಟಿದ ಮೇಲೆ, ಬೆಂಗಳೂರಿನಲ್ಲಿ ವೃತ್ತಿಪರ ತಂಡವೊಂದರ ತರಬೇತಿ ಶಿಬಿರಕ್ಕೆ ಕರೆ ಬಂತು. 40 ದಿನದ ಶಿಬಿರ. ಕೊನೆಗೆ ಕೆಲವರನ್ನಷ್ಟೇ ತಂಡಕ್ಕೆ ತಗೋತಾರೆ. ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದಳು. ಅಪ್ಪ ಎರಡು ಕುರಿ ಮಾರಿ ಮ್ಯಾಟ್ ಮೇಲೆ ಆಡುವ ಬೂಟು ಕೊಡಿಸಿದ. ಅಲ್ಲಿಯವರೆಗೆ ನಾನು ಬರಿಗಾಲಲ್ಲೇ ಆಡಿದವನು.

ಮೊದಲ ದಿನ ಏಳು ರೇಡ್ ಮಾಡಿದೆ, ಆರರಲ್ಲಿ ಔಟ್. ಮಣ್ಣಲ್ಲಿ ಕಾಲು ಜಾರಿಸಿ ತಪ್ಪಿಸಿಕೊಳ್ಳುತ್ತಿದ್ದವನಿಗೆ ಮ್ಯಾಟ್ ಮೇಲೆ ಬೂಟು ಹಿಡಿದು ನಿಲ್ಲಿಸಿದಂಗಾಗುತ್ತಿತ್ತು. ತಿರುಗುವಷ್ಟರಲ್ಲಿ ಮೂಲೆಯಲ್ಲಿದ್ದವ ಪಾದಕ್ಕೆ ಬಿದ್ದಿರುತ್ತಿದ್ದ. ಎದುರಿದ್ದವರೆಲ್ಲ ಅವರವರ ಊರಿನ ಹುಲಿಗಳೇ!

ಸಂಜೆ ಕೋಚ್ ಕರೆದರು.

"ಕೊನೇ ರೇಡಿಗೆ ಯಾಕೆ ಅಷ್ಟು ಒಳಗೆ ಹೋದೆ?"

"ಪಾಯಿಂಟ್ ತರಾಕ್ರಿ."

"ನಾವು ನಾಲ್ಕು ಪಾಯಿಂಟ್ ಮುಂದಿದ್ವಿ. 40 ಸೆಕೆಂಡ್ ಉಳಿದಿತ್ತು. ನಿನ್ನ ಹತ್ರ ಪಾಯಿಂಟ್ ಕೇಳಿದವರು ಯಾರು?"

ನನಗೆ ಉತ್ತರ ಹೊಳೆಯಲಿಲ್ಲ. ಸಿಟ್ಟು ಮಾತ್ರ ಬಂತು. ಪಾಯಿಂಟ್ ತರಬೇಡ ಅಂದರೆ ರೇಡರ್ ಯಾಕೆ ಬೇಕು?

ಆ ರಾತ್ರಿ ಅವ್ವನಿಗೆ ಫೋನ್ ಮಾಡಿ "ಭಾಳ ಚೊಲೋ ಆಡಿದೆ" ಅಂತ ಸುಳ್ಳು ಹೇಳಿದೆ. ಪಕ್ಕದ ಮಂಚದಲ್ಲಿದ್ದ ದಕ್ಷಿಣ ಕನ್ನಡದ ಹಿರಿಯ ಆಟಗಾರರೊಬ್ಬರು ಅದನ್ನು ಕೇಳಿಸಿಕೊಂಡಿದ್ದರು. ಲೈಟ್ ಆಫ್ ಮಾಡಿದ ಮೇಲೆ ಮೆಲ್ಲಗೆ ಅಂದರು: "ಮಾರಾಯ, ನೀನು ಇಲ್ಲಿ ಕಬಡ್ಡಿ ಆಡ್ತಾ ಇಲ್ಲ. ನಿನ್ನ ಊರಿನವರಿಗೆ ಉತ್ತರ ಕೊಡ್ತಾ ಇದ್ದೀಯ."

ನಿದ್ದೆ ಹತ್ತಲಿಲ್ಲ. ಬೀಗರ ಮನೆಯ ಆ ನಗೆ ಬೆಂಗಳೂರಿನ ಮ್ಯಾಟ್ ತನಕ ನನ್ನ ಬೆನ್ನಿಗೆ ಬಿದ್ದು ಬಂದಿತ್ತು.

ಮರುದಿನ ಅವರೇ ಒಂದು ಸಣ್ಣ ನೋಟ್‌ಬುಕ್ ಕೊಟ್ಟರು. ಪಾಯಿಂಟ್ ಬರೆಯಬೇಡ ಅಂದರು. ಎಷ್ಟು ಸಲ ಹೋದೆ, ಎಷ್ಟು ಸಲ ಜೀವಂತ ವಾಪಸ್ ಬಂದೆ, ಆಗ ಸ್ಕೋರ್ ಎಷ್ಟಿತ್ತು, ಟೈಮ್ ಎಷ್ಟು ಉಳಿದಿತ್ತು ಅನ್ನುವುದಷ್ಟೇ ಬರಿ. ಮೊದಲ ವಾರದ ಪುಟ ನೋಡಿ ನನಗೇ ನಾಚಿಕೆಯಾಯಿತು. ಹತ್ತರಲ್ಲಿ ಎಂಟು ಸಲ ಸ್ಕೋರ್ ಎಷ್ಟಿತ್ತು ಅನ್ನೋದೇ ನನಗೆ ಗೊತ್ತಿರಲಿಲ್ಲ. ನೋಡಿರಲೇ ಇಲ್ಲ.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ರೇಡಿಗೆ 30 ಸೆಕೆಂಡ್. ಅಷ್ಟರಲ್ಲಿ ರೇಡರ್ ಎದುರಾಳಿ ಅಂಗಳದ ಬಾಕ್ ಲೈನ್ ದಾಟಲೇಬೇಕು, ಅದು ನಡುಗೆರೆಯಿಂದ 3.75 ಮೀಟರ್ ಒಳಗೆ. ದಾಟಿ, ಯಾರನ್ನೂ ಮುಟ್ಟದೆ, ಸಿಕ್ಕಿಬೀಳದೆ ಬಂದರೆ ಅದು ಖಾಲಿ ರೇಡ್. ಒಂದು ತಂಡ ಸತತ ಎರಡು ಸಲ ಖಾಲಿ ಬಂದರೆ ಮೂರನೆಯದು 'ಡೂ ಆರ್ ಡೈ'. ಪಾಯಿಂಟ್ ತರದಿದ್ದರೆ ಹೋದವನೇ ಔಟ್. ಅಂದರೆ ಎರಡು ಸಲ ಖಾಲಿ ಬರುವ ಅವಕಾಶವನ್ನು ಆಟವೇ ಕೊಟ್ಟಿದೆ. ನಾನು ಮಾತ್ರ ಪ್ರತಿ ರೇಡನ್ನೂ ಡೂ ಆರ್ ಡೈ ಮಾಡಿಕೊಂಡಿದ್ದೆ.

ಆಗ ನಮಗೆಲ್ಲ ಪವನ್ ಸೆಹ್ರಾವತ್ ಹುಚ್ಚು. ಅದೇ ಜನವರಿ 5ರ ಫೈನಲ್‌ನಲ್ಲಿ ಅವನೊಬ್ಬನೇ 22 ಪಾಯಿಂಟ್ ತಂದು, ಗುಜರಾತ್ ವಿರುದ್ಧ ಬೆಂಗಳೂರು ಬುಲ್ಸ್ ತಂಡವನ್ನು 38-33ರಿಂದ ಗೆಲ್ಲಿಸಿದ್ದ. ನಾವು ನೋಡಿದ್ದು ಆ ರಾತ್ರಿಯನ್ನಷ್ಟೇ. ಅದಕ್ಕೂ ಮೊದಲು ಅದೇ ಗುಜರಾತ್ ತಂಡದಲ್ಲಿ ಒಂದಿಡೀ ಸೀಸನ್ ಅವನು ಹೆಚ್ಚಾಗಿ ಬೆಂಚ್ ಮೇಲೆ ಕೂತಿದ್ದ ಅನ್ನೋದನ್ನು ಶಿಬಿರದಲ್ಲಿ ಯಾರೋ ನೆನಪಿಸಿದರು. ಮುಂದೆ 2022ರಲ್ಲಿ 2.26 ಕೋಟಿಗೆ ತಮಿಳ್ ತಲೈವಾಸ್ ಸೇರಿದವನು ಮೊದಲ ಮ್ಯಾಚ್‌ನಲ್ಲೇ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಇಡೀ ಸೀಸನ್ ಹೊರಗುಳಿದ. ಮರುವರ್ಷ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಕ್ಯಾಪ್ಟನ್ ಆಗಿ ಚಿನ್ನ ಗೆದ್ದ. ಅಂಥವನಿಗೂ ಕಾಯುವುದು ತಪ್ಪಲಿಲ್ಲ.

33ನೇ ದಿನ ಪ್ರಾಕ್ಟೀಸ್ ಮ್ಯಾಚ್. ನಾವು ಒಂದು ಪಾಯಿಂಟ್ ಮುಂದೆ, ಕೊನೆಯ ರೇಡ್ ನನ್ನದು. ನಾನು ಮೊದಲ ಸಲ ಸ್ಕೋರ್ ಬೋರ್ಡ್ ನೋಡಿ ಗೆರೆ ದಾಟಿದೆ. ಬಾಕ್ ಲೈನ್ ತುಳಿದೆ, ಹಿಂದೆ ಬಂದೆ. ಬಲಕ್ಕೆ ನಾಲ್ಕು ಹೆಜ್ಜೆ, ಎಡಕ್ಕೆ ನಾಲ್ಕು. ಮೂಲೆಯವ ಬೇಕಂತಲೇ ಕಾಲು ಮುಂದೆ ಚಾಚಿ ನನ್ನನ್ನು ಕರೆಯುತ್ತಿದ್ದ. ಊರಲ್ಲಾಗಿದ್ದರೆ ಹಾರಿಯೇ ಬಿಡುತ್ತಿದ್ದೆ. ಮೈಯೆಲ್ಲ ಹಾರು ಹಾರು ಅಂತಿತ್ತು. ಹಾರಲಿಲ್ಲ. 30 ಸೆಕೆಂಡ್ ಮುಗಿಯುವ ಮುಂಚೆ ನಡುಗೆರೆ ದಾಟಿ ಬಂದೆ. ಗೆದ್ದೆವು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಕೋಚ್ ನನ್ನ ಕಡೆ ನೋಡಿ ಒಮ್ಮೆ ತಲೆಯಾಡಿಸಿದರು. ನನ್ನ ಜೀವನದ ಅತ್ಯುತ್ತಮ ರೇಡ್ ಯಾವುದು ಅಂತ ಕೇಳಿದರೆ ಇವತ್ತಿಗೂ ಅದನ್ನೇ ಹೇಳುತ್ತೇನೆ.

ಹಾಗಂತ ಕಥೆ ಸುಖವಾಗಿ ಮುಗಿಯಲಿಲ್ಲ. ಕೊನೆಯ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. "ಎಡಗಡೆ ಇನ್ನೂ ವೀಕ್ ಇದೀಯ. ಮುಂದಿನ ವರ್ಷ ಬಾ" ಅಂದರು. ರೈಲಿನಲ್ಲಿ ಹುಬ್ಬಳ್ಳಿಗೆ ಬಂದು, ವಿಜಯಪುರದ ಬಸ್ ಹತ್ತಿ ಕೆರೂರಿನಲ್ಲಿಳಿದಾಗ ಇನ್ನೂ ಬೆಳಕಾಗಿರಲಿಲ್ಲ. ಬೆಳಕಾಗುವುದರೊಳಗೆ ಮನೆ ಸೇರಬೇಕು ಅಂತ ಹಿಂದಿನ ಓಣಿ ಹಿಡಿದು ಹೋದೆ. ನಾಲ್ಕು ದಿನ ಹೊರಗೇ ಬರಲಿಲ್ಲ.

ಐದನೇ ದಿನ ಅಪ್ಪ "ಅಮೀನಗಡ ಸಂತಿಗೆ ಹೋಗೂಣು, ನಡಿ" ಅಂತ ಎಬ್ಬಿಸಿದ. ಗಾಡಿಯಲ್ಲಿ ಮೂರು ಟಗರು. ಸಂತೆಯಲ್ಲಿ ಮಧ್ಯಾಹ್ನದ ತನಕ ನಿಂತೆವು. ವ್ಯಾಪಾರಿಗಳು ಬಂದರು, ಹಲ್ಲು ನೋಡಿದರು, ಕೈಯಾಡಿಸಿದರು, ಕಡಿಮೆ ದರ ಕೇಳಿದರು. ಅಪ್ಪ ಎಲ್ಲರಿಗೂ ನಕ್ಕು ಮಾತಾಡಿಸಿ, ಕೊನೆಗೆ ಮೂರನ್ನೂ ಮತ್ತೆ ಗಾಡಿಗೆ ಹತ್ತಿಸಿದ.

"ಊರಾಗ ಮಂದಿ ಏನಂತಾರಪಾ?" ಅಂದೆ.

"ಏನಂತಾರ? ಕುರಿ ನನ್ನ ಕೈಯಾಗs ಅದಾವಲ್ಲ" ಅಂದ. ದಾರಿಯಲ್ಲಿ ಚಹಾ ಕುಡಿಸಿದ. ಕಬಡ್ಡಿ ಬಗ್ಗೆ ಒಂದು ಮಾತೂ ಆಡಲಿಲ್ಲ.

ಕೋಚ್ ಹೇಳಿದ ಮುಂದಿನ ವರ್ಷ ಬರಲೇ ಇಲ್ಲ. 2020ರಲ್ಲಿ ಕೊರೊನಾದಿಂದ ಲೀಗ್ ನಡೆಯಲಿಲ್ಲ. 2021ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಗುವಷ್ಟರಲ್ಲಿ ಅಪ್ಪನಿಗೆ ಆರೋಗ್ಯ ಕೆಟ್ಟಿತ್ತು, ಮನೆಗೆ ನನ್ನ ಸಂಬಳ ಬೇಕಿತ್ತು. ಈಗ ಬಾಗಲಕೋಟೆಯ ನವನಗರದಲ್ಲಿ ಕೆಲಸ. ತಿಂಗಳ ಟಾರ್ಗೆಟ್, ಸೋಮವಾರದ ರಿವ್ಯೂ ಎಲ್ಲ ಇದೆ. ಟಿವಿಯಲ್ಲಿ ಮ್ಯಾಚ್ ಬಂದರೆ ಈಗಲೂ ಹೊಟ್ಟೆಯೊಳಗೆ ಏನೋ ಚುಚ್ಚುತ್ತದೆ, ಸುಳ್ಳು ಹೇಳಲಾರೆ. ಆದರೆ ಒಂದೂ ಕೇಸ್ ಕ್ಲೋಸ್ ಆಗದ ದಿನ ಮೊದಲಿನಂಗೆ ತಲೆ ಕೆಡಿಸಿಕೊಂಡು, ರಾತ್ರಿ 9ಕ್ಕೆ ಯಾರದೋ ಮನೆ ಬಾಗಿಲು ಬಡಿಯುವುದಿಲ್ಲ. ಸ್ಕೋರ್ ನೋಡುತ್ತೇನೆ. ತಿಂಗಳಲ್ಲಿ ಇನ್ನೆಷ್ಟು ದಿನ ಇದೆ ನೋಡುತ್ತೇನೆ. ಇವತ್ತು ಡೂ ಆರ್ ಡೈ ಹೌದೋ ಅಲ್ಲವೋ ಅಂತ ಕೇಳಿಕೊಳ್ಳುತ್ತೇನೆ. ಹೆಚ್ಚಿನ ದಿನ ಅಲ್ಲ. ನೀವೂ ಒಮ್ಮೆ ಕೇಳಿಕೊಂಡು ನೋಡಿ.

ಭಾನುವಾರ ಊರಿಗೆ ಹೋಗಿ ಹುಡುಗರಿಗೆ ಆಡಿಸುತ್ತೇನೆ. ಹೋದ ವಾರ 14ರ ಹುಡುಗನೊಬ್ಬ, ತನ್ನ ತಂಡ ಮೂರು ಪಾಯಿಂಟ್ ಮುಂದಿದ್ದಾಗ, ಬಾಕ್ ಲೈನ್ ತುಳಿದು ಆರಾಮಾಗಿ ಖಾಲಿ ಕೈಲಿ ಬಂದ. ಕಟ್ಟೆ ಮೇಲೆ ಕೂತಿದ್ದ ಹಿರಿಯರೊಬ್ಬರು ಬಿಡಲಿಲ್ಲ: "ಏನಲೇ, ಬೀಗರ ಮನಿಗೆ ಹೋಗಿದ್ದೇನ?"

ನಾನು ಉಸಿರು ಹಿಡಿದು ಹುಡುಗನ ಮುಖ ನೋಡಿದೆ.

"ಹೂನ್ರೀ ಕಾಕಾ" ಅಂದ ಅವನು, ಕೈಯ ಮಣ್ಣು ಕೊಡವುತ್ತ. "ಚಾ ಕುಡದ ಬಂದೆ."