ಗೀಟು ಹಾಕದ ಸಾಲು

ದೊಡ್ಡಮ್ಮನ ಮನೆಯ ಅಟ್ಟದಲ್ಲಿ ಸಿಕ್ಕಿತು. ಉದ್ದನೆಯ ಲೆಕ್ಕದ ಪುಸ್ತಕ, ಮೊದಲ ಪುಟದ ನಾಲ್ಕು ಮೂಲೆಗೂ ಅರಿಶಿನ. 1974ರ ಮದುವೆಯದು. ಹೆಸರು, ಊರು, ಎದುರಿಗೆ ಕೊಟ್ಟದ್ದು: 5 ರೂಪಾಯಿ. 2 ಸೇರು ಅಕ್ಕಿ. ತೆಂಗಿನಕಾಯಿ, ರವಿಕೆ ಕಣ. 11 ರೂಪಾಯಿ. ಕೆಲವು ಸಾಲುಗಳ ಪಕ್ಕ ಬೇರೆ ಮಸಿಯಲ್ಲಿ ಸಣ್ಣ ಗೀಟು. ಅವರ ಮನೆಯ ಮದುವೆಗೆ ನಾವು ಹಾಕಿ ಬಂದದ್ದರ ಗುರುತಂತೆ.

"ಹಾಗಾದ್ರೆ ಇದು ಸಾಲದ ಪುಸ್ತಕ ತಾನೆ?" ಅಂದೆ.

ದೊಡ್ಡಮ್ಮನಿಗೆ ಬೇಸರವಾಯಿತು. "ಸಾಲ ಅಂತೀಯಲ್ಲೋ. ಮುಯ್ಯಿ ಕಣಪ್ಪ."

* * *

ಸಾಲಕ್ಕೆ ವಾಯಿದೆ ಇದೆ, ಬಡ್ಡಿ ಇದೆ. ಮುಯ್ಯಿಗೆ ಎರಡೂ ಇಲ್ಲ. ಕೊಟ್ಟವರ ಮನೆಯಲ್ಲಿ ಮದುವೆಯೋ ಗೃಹಪ್ರವೇಶವೋ ಬರಬೇಕು, ಆಗಲೇ ಹಾಕಬೇಕು. ಮಧ್ಯದಲ್ಲಿ ಹೋಗಿ "ತಗೊಳ್ಳಿ ನಿಮ್ಮ ಹನ್ನೊಂದು ರೂಪಾಯಿ" ಅಂದರೆ ಮುಖಕ್ಕೆ ಹೊಡೆದ ಹಾಗೆ.

11 ಹಾಕಿದವರಿಗೆ 11 ಅನ್ನೇ ಹಾಕುವುದೂ ಇಲ್ಲ. ಸ್ವಲ್ಪ ಹೆಚ್ಚು. ಸರಿಸಮ ಮಾಡಿದರೆ ಲೆಕ್ಕ ಚುಕ್ತಾ ಆಗಿಬಿಡುತ್ತದೆ, ಆಮೇಲೆ ಹೋಗಿ ಬರುವುದಕ್ಕೆ ಏನು ಉಳಿಯಿತು? ಆ ಗೀಟು ಮುಗಿಯಿತು ಅನ್ನುವ ಗುರುತಲ್ಲ, ಸರದಿ ಬದಲಾಯಿತು ಅನ್ನುವ ಗುರುತು.

* * *

ಮುಯ್ಯಿ 'ಓದಿಸುವುದು' ಎಂದೂ ಹೇಳುತ್ತಾರೆ. ಕೊಟ್ಟದ್ದನ್ನು ಮಂಟಪದಲ್ಲಿ ಕೂಗಿ ಹೇಳುತ್ತಿದ್ದುದರಿಂದ. ಬಡವರಿಗೆ ಇದು ಎಷ್ಟು ಕಷ್ಟವಾಗಿರಬೇಕು.

* * *

ಮುಯ್ಯಾಳು. ಇದು ನನಗೆ ಇನ್ನೂ ಇಷ್ಟವಾದ ಮಾತು. ರಾಗಿ ಕುಯ್ಲಿಗೆ ಇವತ್ತು ಅವರ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ಅವರು. ದಿನಕ್ಕೆ ದಿನ, ಆಳಿಗೆ ಆಳು. ಕೈಗೆ ದುಡ್ಡು ಬರುವುದಿಲ್ಲ. ಮಧ್ಯಾಹ್ನದ ಮುದ್ದೆ, ಸಾರು ಹೊಲದವರದು. ಅತ್ತೆಗೆ ಜ್ವರ ಬಂದರೆ ಸೊಸೆ ಬರುತ್ತಾಳೆ, ಮನೆಯ ಲೆಕ್ಕದಲ್ಲಿ ಅದೂ ಒಂದು ಆಳು. ಇದನ್ನು ಯಾರೂ ಪುಸ್ತಕದಲ್ಲಿ ಬರೆಯುವುದಿಲ್ಲ. ಆದರೂ ಎಷ್ಟು ದಿನ ಬಾಕಿ ಎಂದು ಇಬ್ಬರಿಗೂ ಗೊತ್ತಿರುತ್ತದೆ. ಬೇಸಿಗೆಯಲ್ಲಿ ಹಪ್ಪಳ ಲಟ್ಟಿಸುವುದಕ್ಕೂ ಹೀಗೆಯೇ ಒಬ್ಬರ ಮನೆಗೆ ಒಬ್ಬರು.

ಈಗ ಕಟಾವಿನ ಯಂತ್ರ ಬರುತ್ತದೆ, ಗಂಟೆಗೆ ಇಷ್ಟು ಅಂತ. ಯಂತ್ರಕ್ಕೆ ದುಡ್ಡು ಕೊಟ್ಟರೆ ಆಯಿತು. ಅದರ ಹೊಲಕ್ಕೆ ನಾಳೆ ನಾವು ಹೋಗಬೇಕಾಗಿಲ್ಲ.

* * *

ಅರ್ಥವಾಗದೆ ಉಳಿದದ್ದು ಇದು: ಸೇಡಿಗೂ ಇದೇ ಪದ. ಮುಯ್ಯಿಗೆ ಮುಯ್ಯಿ. ಅಕ್ಕಿ ಕೊಟ್ಟದ್ದಕ್ಕೂ ಏಟು ಕೊಟ್ಟದ್ದಕ್ಕೂ ಕನ್ನಡ ಒಂದೇ ಹೆಸರು ಇಟ್ಟಿದೆ.

ಕ್ರಿಯಾಪದದಲ್ಲಿ ವ್ಯತ್ಯಾಸ ಸಿಕ್ಕಿತು ಅಂದುಕೊಂಡೆ. ಉಪಕಾರದ ಮುಯ್ಯಿಯನ್ನು 'ತೀರಿಸುತ್ತೇವೆ', ಸೇಡಿನದನ್ನು 'ತೀರಿಸಿಕೊಳ್ಳುತ್ತೇವೆ'. ಆ 'ಕೊಳ್ಳು' ಬಂದ ಕೂಡಲೇ ಕೈ ತನ್ನ ಕಡೆಗೆ ತಿರುಗುತ್ತದೆ. ಖುಷಿಯಾಗಿ ಬರೆದಿಟ್ಟುಕೊಂಡೆ. ಆದರೆ ಕನ್ನಡ ಬೈಬಲಿನಲ್ಲಿ ಕೇಡಿಗೆ ತಕ್ಕ ಪ್ರತಿಫಲ ಕೊಡುವ ದೇವರು ಮುಯ್ಯಿ 'ತೀರಿಸುತ್ತಾನೆ', 'ಕೊಳ್ಳು' ಇಲ್ಲದೆ. ನನ್ನ ಸೂತ್ರ ಅಲ್ಲಿಗೆ ಮುರಿಯಿತು. ದೇವರು ತನಗಾಗಿ ತೀರಿಸಿಕೊಳ್ಳುವುದಿಲ್ಲ ಎಂದು ಅನುವಾದಕರು ಯೋಚಿಸಿದ್ದರೆ, ಮುರಿದದ್ದು ಮತ್ತೆ ಕೂಡುತ್ತದೆ.

ಸೇಡು ಇಟ್ಟುಕೊಂಡವರೂ ಒಬ್ಬರನ್ನೊಬ್ಬರು ಮರೆಯುವುದಿಲ್ಲ, ಅದು ನಿಜ. ಪುಸ್ತಕ ಅವರಲ್ಲೂ ಇರುತ್ತದೆ.

* * *

ಉತ್ತರ ಕರ್ನಾಟಕದ ಮದುವೆಗಳಲ್ಲಿ ಮುಯ್ಯಿಗೆ ಆಹೇರಿ ಅನ್ನುತ್ತಾರೆ. ತಮಿಳಿನಲ್ಲಿ ಮೊಯ್, ಕಿವಿಗೆ ನಮ್ಮದರ ತಂಗಿಯಂತೆ ಕೇಳುತ್ತದೆ.

* * *

ಈಗಿನ ಲಗ್ನಪತ್ರಿಕೆಗಳ ಕೆಳಗೆ 'ಆಶೀರ್ವಾದವೇ ಉಡುಗೊರೆ' ಎಂದು ಅಚ್ಚಾಗಿರುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಹಾಕಿಸುತ್ತಾರೆ. ಅದನ್ನು ಓದಿದಾಗ ದೊಡ್ಡಮ್ಮ ಕೇಳಿದ್ದು ಒಂದೇ: "ಮತ್ತೆ ಅವರದ್ದು ನಮ್ಮ ಮೇಲಿರೋದನ್ನ ಹೆಂಗೆ ತೀರಿಸೋದು?"

* * *

ಪುಸ್ತಕದ ಮೂರನೇ ಪುಟದಲ್ಲಿ ಒಂದು ಸಾಲು, 2 ಸೇರು ಅಕ್ಕಿ. ಗೀಟಿಲ್ಲ. ಪಕ್ಕದ ಬೀದಿಯ ಒಂಟಿ ಹೆಂಗಸು. ಅವರ ಮನೆಯಲ್ಲಿ ಶುಭಕಾರ್ಯವೇ ಆಗಲಿಲ್ಲ.

"ಅವಳ ಹೊಲದ ಕುಯ್ಲಿಗೆ ಕರೀದಿದ್ರೂ ಹೋಗ್ತಿದ್ದೆ," ಅಂದರು ದೊಡ್ಡಮ್ಮ. "ಅವಳು ಸಾಯೋ ವರ್ಷದವರೆಗೂ."

"ಹಾಗಾದ್ರೆ ಗೀಟು ಹಾಕಬಹುದಿತ್ತಲ್ಲ?"

ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಆ ಸಾಲಿನ ಮೇಲೆ ಬೆರಳಿಟ್ಟರು. "ಅದು ಬೇರೆ," ಅಂದರು.