ಔಲಿಯ ಗುಡ್ಡದ ಮೇಲೊಂದು ಮನೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಸೋದರಿಯರಿಗೆ ಬಿಸಿಲಿನ ವರ್ಣನೆ ಬೇಕಾಗಿಲ್ಲ. ಮೇ ತಿಂಗಳ ಮಧ್ಯಾಹ್ನ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವಾಗ, 'ಎಲ್ಲಿಯಾದರೂ ತಂಪಿರುವ ಊರಾಗ ಒಂದು ಸಣ್ಣ ಮನಿ ಇದ್ದಿದ್ದರ!' ಎಂದು ನಿಮಗೂ ಅನಿಸಿರಬೇಕು. ನನಗೂ ಅನಿಸಿತ್ತು. ಬರೀ ಅನಿಸಿದ್ದಲ್ಲ, ಅಂಥ ಮನೆಯೊಂದಕ್ಕೆ ಮುಂಗಡ ಕೊಡುವ ತನಕ ಬಂದು ನಿಂತಿದ್ದೆವು. ಆ ಕಥೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನಾಳೆ ನಿಮ್ಮ ಮನೆಯಲ್ಲೂ ಇಂಥ ಮಾತು ಎದ್ದರೆ ನೆನಪಾಗಲಿ.

ಅದು 2022ರ ಮೇ ತಿಂಗಳು. ನಮ್ಮವರು ಮಾಸ್ತರಿಕೆಯಿಂದ ನಿವೃತ್ತರಾಗಿದ್ದರು. ನಿವೃತ್ತಿಯ ಹಣ ಬ್ಯಾಂಕಿನಲ್ಲಿತ್ತು. ನಾಲ್ಕೂ ತಾಲೂಕಿನ ಹದಿನಾರು ಮಂದಿ ಕೂಡಿ ಕೇದಾರ-ಬದರಿ ಯಾತ್ರೆಗೆ ಹೊರಟೆವು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಉಂಡಿಗಳ ಗಂಟು ಕಟ್ಟಿಕೊಂಡು ಸೊಲ್ಲಾಪುರದಲ್ಲಿ ರೈಲು ಹತ್ತಿ, ದಿಲ್ಲಿ, ಹರಿದ್ವಾರ ದಾಟಿ ಗುಡ್ಡ ಏರಿದೆವು. ಕೇದಾರನಾಥನ ರಾವಲರು ನಮ್ಮ ಕರ್ನಾಟಕದ ವೀರಶೈವ ಜಂಗಮರೇ ಎಂಬುದು ನಿಮಗೆ ಗೊತ್ತಿರಬಹುದು. ಅವರ ಪೀಠವಿರುವ ಊಖೀಮಠದಲ್ಲಿ ನಿಂತಾಗ ಅಷ್ಟು ದೂರದ ಊರು ನಮ್ಮದೇ ಅನ್ನಿಸಿಬಿಟ್ಟಿತು. ಬಹುಶಃ ಮನೆಯ ಆಸೆಗೆ ಬೀಜ ಬಿದ್ದದ್ದು ಅಲ್ಲಿಯೇ.

ಬದರಿಯ ದರ್ಶನ ಮುಗಿಸಿ ಬರುವಾಗ ಜೋಶಿಮಠದಲ್ಲಿ ಎರಡು ರಾತ್ರಿ ತಂಗಿದೆವು. ಋಷಿಕೇಶದಿಂದ ಸುಮಾರು 250 ಕಿಲೋಮೀಟರ್ ಮೇಲಿರುವ ಊರು ಇದು. 2024ರಲ್ಲಿ ಇದಕ್ಕೆ ಜ್ಯೋತಿರ್ಮಠ ಎಂದು ಅಧಿಕೃತವಾಗಿ ಹೆಸರಿಟ್ಟರು. ಅಲ್ಲಿಂದ ಔಲಿಗೆ ಸುಮಾರು 4 ಕಿಲೋಮೀಟರ್ ಉದ್ದದ ತೂಗುಹಾದಿ, ಅಂದರೆ ರೋಪ್‌ವೇ. ಗಾಜಿನ ಡಬ್ಬಿಯಲ್ಲಿ ಕುಳಿತು ದೇವದಾರು ಗಿಡಗಳ ತಲೆಯ ಮೇಲೆ ತೇಲುತ್ತ ಹೋದೆವು. ನಾನಂತೂ ಅರ್ಧ ದಾರಿ ಕಣ್ಣು ಮುಚ್ಚಿಕೊಂಡೇ ಇದ್ದೆ, ನಗಬೇಡಿ!

ಮೇಲೆ ಹೋಗಿ ಕಣ್ಣು ತೆರೆದರೆ ಹಸಿರು ಹಾಸಿದ ಇಳಿಜಾರು, ಎದುರಿಗೆ 7816 ಮೀಟರ್ ಎತ್ತರದ ನಂದಾದೇವಿ. ಚಳಿಗಾಲದಲ್ಲಿ ಈ ಹುಲ್ಲೆಲ್ಲ ಹಿಮದಡಿ ಮುಚ್ಚಿಹೋಗುತ್ತದಂತೆ. ಆಗ ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಜರ್ರೆಂದು ಕೆಳಗೆ ಜಾರುವ ಸ್ಕೀಯಿಂಗ್ ಆಟಕ್ಕೆ ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ಗಡಿ ಕಾಯುವ ಐಟಿಬಿಪಿ ಪಡೆಯ ಸ್ಕೀ ತರಬೇತಿ ಶಾಲೆಯೂ ಇಲ್ಲಿದೆ. 2011ರಲ್ಲಿ ದಕ್ಷಿಣ ಏಷ್ಯಾದ ಚಳಿಗಾಲದ ಕ್ರೀಡೆಗಳು ಇಲ್ಲಿ ನಡೆದವು.

ನಮ್ಮವರು ಮಾತೇ ಆಡಲಿಲ್ಲ. ಮೂವತ್ತಾರು ವರ್ಷ ಸೀಮೆಸುಣ್ಣದ ಪುಡಿ ಕುಡಿದ ಮನುಷ್ಯ ಹುಲ್ಲಿನ ಮೇಲೆ ಕುಳಿತು, "ಏ, ಇನ್ನೇನು ಬೇಕಾ ನಮಗ? ಇಲ್ಲೇ ಒಂದು ಮನಿ ತಗೊಂಡು ಇದ್ದುಬಿಡೂಣು" ಎಂದರು. ನಾನೂ ಬೇಡ ಅನ್ನಲಿಲ್ಲ. ತಂಪು ಗಾಳಿ ಯಾರ ಬುದ್ಧಿಯನ್ನೂ ಮಂಕು ಮಾಡುತ್ತದೆ.

ಇಂಥ ಆಸೆಗೆ ದಲ್ಲಾಳಿ ಸಿಗುವುದು ತಡವೇ? ಸಂಜೆಯೊಳಗೆ ಒಬ್ಬ ಬಂದ. ಔಲಿಯ ದಾರಿಯ ಇಳಿಜಾರಿನಲ್ಲಿ ಎರಡು ಕೋಣೆಯ ಹೊಸ ಮನೆ ತೋರಿಸಿದ. ಕಿಟಕಿ ತೆರೆದರೆ ಹಿಮದ ಶಿಖರ. "ಚಳಿಗಾಲದಲ್ಲಿ ಸ್ಕೀ ಆಡುವವರಿಗೆ ಬಾಡಿಗೆಗೆ ಕೊಡಿ, ಬೇಸಗೆಯಲ್ಲಿ ನೀವಿರಿ. ನಾಳೆ ಬೆಳಿಗ್ಗೆ ಮುಂಗಡ ಕೊಟ್ಟರೆ ಸಾಕು" ಎಂದ. ಬೆಲೆ ಕೇಳಿದರೆ ನಮ್ಮ ನಿವೃತ್ತಿಯ ಹಣಕ್ಕೆ ಸರಿಯಾಗಿ ಅಳೆದಂತಿತ್ತು.

ರಾತ್ರಿ ಸಂತೋಷ ತಡೆಯಲಾರದೆ ಸಿಂದಗಿಗೆ ಫೋನು ಮಾಡಿ ಅತ್ತೆಯವರಿಗೆ ಹೇಳಿದೆ. ಎಂಬತ್ತು ದಾಟಿದ ಜೀವ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಪಾಯಾ ಎಷ್ಟ ಅಡಿ ತಗದಾರಂತವಾ? ಗರಸು ಹತ್ತೇತೇನು?"

ನಮ್ಮ ಕಡೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ. ಗಟ್ಟಿ ಗರಸು ಹತ್ತುವ ತನಕ ಅಗೆಯದೆ ಕಟ್ಟಿದ ಮನೆಯ ಗೋಡೆ ಎರಡು ವರ್ಷಕ್ಕೆ ಸೀಳು ಬಿಡುತ್ತದೆ. ಅದಕ್ಕೇ ನಮ್ಮ ಹಿರಿಯರು ಕಿಟಕಿಯಿಂದ ಏನು ಕಾಣುತ್ತದೆ ಎನ್ನುವುದಕ್ಕಿಂತ ಮೊದಲು ಕೆಳಗೆ ಏನಿದೆ ಎಂದು ಕೇಳುತ್ತಿದ್ದರು.

ಮರುದಿನ ಬೆಳಿಗ್ಗೆ ನಾವು ಇಳಿದುಕೊಂಡಿದ್ದ ಮನೆಯ ಯಜಮಾನಿಯನ್ನು ನಮ್ಮ ವಿಜಯಪುರದ ಹಿಂದಿಯಲ್ಲಿಯೇ ಕೇಳಿದೆ. ಆಕೆ ಮಾತಾಡದೆ ಕೈಹಿಡಿದು ಅಡುಗೆಮನೆಗೆ ಕರೆದೊಯ್ದಳು. ಗೋಡೆಗೆ ಹಚ್ಚಿದ್ದ ದೇವರ ಕ್ಯಾಲೆಂಡರ್ ಸರಿಸಿ ತೋರಿಸಿದಳು. ಬೆರಳು ಹೋಗುವಷ್ಟು ಸೀಳು! ಹಿಂದಿನ ವರ್ಷ, 2021ರ ಅಕ್ಟೋಬರ್ ಮಳೆಯ ನಂತರ ಬಿಟ್ಟದ್ದಂತೆ. "ಬೆಹೆನ್‌ಜಿ, ಇದು ಬಂಡೆಯ ಮೇಲಿನ ಊರಲ್ಲ. ಎಂದೋ ಮೇಲಿನಿಂದ ಜರಿದು ಬಿದ್ದ ಮಣ್ಣು-ಕಲ್ಲಿನ ಗುಡ್ಡೆಯ ಮೇಲೆ ಕೂತಿದ್ದೇವೆ" ಎಂದಳು.

ಊರಿಗೆ ಬಂದಮೇಲೆ ಮಗ ಓದಿ ಹೇಳಿದ. ಗಢವಾಲದ ಆಯುಕ್ತರಾಗಿದ್ದ ಎಂ. ಸಿ. ಮಿಶ್ರಾ ಅವರ ಸಮಿತಿ 1976ರಲ್ಲಿಯೇ ಇದೇ ಮಾತು ಬರೆದಿತ್ತಂತೆ. ಹಳೆಯ ಭೂಕುಸಿತದ ರಾಶಿಯ ಮೇಲಿನ ಊರು, ಭಾರೀ ಕಟ್ಟಡ ಕಟ್ಟಬೇಡಿ, ಗಿಡ ಕಡಿಯಬೇಡಿ, ಇಳಿಜಾರಿನ ಬಂಡೆ ಕೀಳಬೇಡಿ ಎಂದು. ಸುಮಾರು ಅರ್ಧ ಶತಮಾನದ ಹಿಂದಿನ ಎಚ್ಚರಿಕೆ! ಕೇಳಿದವರು ಯಾರು?

ನಾವು ಮುಂಗಡ ಕೊಡಲಿಲ್ಲ. ನಮ್ಮವರು ಹರಿದ್ವಾರದ ತನಕ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಅದೂ ನಿಜ.

ಮುಂದಿನ ಸಂಕ್ರಾಂತಿ ಬಂತು. 2023ರ ಜನವರಿ. ಭೋಗಿಯ ದಿನ ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚುತ್ತಿದ್ದೆ. ನಮ್ಮವರು ಟಿ.ವಿ. ಮುಂದಿನಿಂದ "ಇಲ್ಲಿ ಬಾ" ಎಂದು ಕೂಗಿದರು. ಜೋಶಿಮಠ! 800ಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬಿರುಕು. ಒಂದರ ಮೇಲೊಂದು ವಾಲಿದ ಎರಡು ಹೋಟೆಲುಗಳನ್ನು ಕೆಡವುವ ಸಿದ್ಧತೆ. ತೂಗುಹಾದಿ ಬಂದ್. ಹನ್ನೆರಡು ದಿನದಲ್ಲಿ ನೆಲ 5.4 ಸೆಂಟಿಮೀಟರ್, ಎಂದರೆ ಎರಡು ಅಂಗುಲಕ್ಕೂ ಹೆಚ್ಚು, ಕುಸಿದಿದೆ ಎಂದು ಇಸ್ರೋದ ಉಪಗ್ರಹಗಳ ಚಿತ್ರ ಹೇಳಿದ್ದವು. ಚರಂಡಿಯಿಲ್ಲದೆ ನೆಲಕ್ಕೇ ಇಂಗುವ ಬಚ್ಚಲು ನೀರು, ಮಿತಿಮೀರಿದ ಕಟ್ಟಡಗಳು ಎಂದು ತಿಳಿದವರು ಕಾರಣ ಕೊಟ್ಟರು. ಹತ್ತಿರದ ಜಲವಿದ್ಯುತ್ ಸುರಂಗವೇ ಕಾರಣವೆಂದು ಊರವರು ಬೀದಿಗಿಳಿದರು.

ನಾನು ಆ ಯಜಮಾನಿಗೆ ಫೋನು ಹಚ್ಚಿದೆ. ಮನೆ ಬಿಟ್ಟು ಒಂದು ಕೋಣೆಯಲ್ಲಿ ಐದು ಜನ ಇದ್ದರು. ಅತ್ತಳು. ಆಮೇಲೆ, "ಆ ಹಸುವನ್ನು ಎಲ್ಲಿ ಕಟ್ಟಲಿ ಹೇಳಿ" ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ನನ್ನ ತವರು ಬಾಗೇವಾಡಿ ತಾಲೂಕಿನ ಕೃಷ್ಣಾ ದಂಡೆಯ ಹಳ್ಳಿ. ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಮುಳುಗುವಾಗ ನಮ್ಮವ್ವ ಹೊಸ್ತಿಲ ಕಟ್ಟಿಗೆ ಕಿತ್ತು ಬಂಡಿಯಲ್ಲಿ ಹೇರಿಸಿದ್ದಳು. "ದನಾ ಎಲ್ಲಿ ಕಟ್ಟೂಣು?" ಎಂದು ಅಪ್ಪನನ್ನು ಅವಳೂ ಕೇಳಿದ್ದಳು. ನಮ್ಮ ಜಿಲ್ಲೆಯಲ್ಲಿ ಪುನರ್ವಸತಿ ಕೇಂದ್ರದ ಮನೆಗಳಲ್ಲಿ ಕುಳಿತು ಇದನ್ನು ಓದುತ್ತಿರುವ ಅಕ್ಕತಂಗಿಯರಿಗೆ ಈ ಸಂಕಟ ಗೊತ್ತು. ನಾವು ಕಳೆದುಕೊಳ್ಳಬಹುದಾಗಿದ್ದು ಹಣ. ಆಕೆ ಕಳೆದುಕೊಂಡದ್ದು ಮನೆ.

ಇಷ್ಟಾದರೂ ಗುಡ್ಡದ ಮನೆಯ ಆಸೆ ನಿಮ್ಮ ಮನೆಯವರಿಗೆ ಬಂದರೆ ಸಿಟ್ಟಾಗಬೇಡಿ. ಈ ನಾಲ್ಕು ಮಾತು ಮಾತ್ರ ಕೇಳಿ ನೋಡಿ.

ಮೊದಲನೆಯದು, ಕಾಯ್ದೆ. ಹಿಮಾಚಲದಲ್ಲಿ 1972ರ ಭೂಕಾಯ್ದೆಯ 118ನೆಯ ಕಲಮಿನಂತೆ, ಅಲ್ಲಿಯ ರೈತರಲ್ಲದವರು ಸರಕಾರದ ಅನುಮತಿಯಿಲ್ಲದೆ ಜಮೀನು ಕೊಳ್ಳುವಂತಿಲ್ಲ. ಉತ್ತರಾಖಂಡದಲ್ಲಿ ಪಟ್ಟಣದ ಎಲ್ಲೆಯ ಹೊರಗೆ ಹೊರಗಿನವರಿಗೆ ವಾಸದ ಮನೆಗಾಗಿ 250 ಚದರ ಮೀಟರ್ ಮಾತ್ರ, ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆಗೂ ತುಸು ಕಡಿಮೆ. 2025ರಲ್ಲಿ ಅಲ್ಲಿಯ ಕಾಯ್ದೆ ಇನ್ನಷ್ಟು ಬಿಗಿಯಾಯಿತು. ದಲ್ಲಾಳಿ ಇದನ್ನು ತಾನಾಗಿ ಹೇಳುವುದಿಲ್ಲ.

ಎರಡನೆಯದು, ಅತ್ತೆಯವರ ಪ್ರಶ್ನೆ. ಪಾಯದ ಕೆಳಗೆ ಬಂಡೆಯೋ, ಜರಿದ ಮಣ್ಣೋ? ಮಳೆನೀರು, ಬಚ್ಚಲು ನೀರು ಎಲ್ಲಿಗೆ ಹೋಗುತ್ತದೆ? ಅಕ್ಕಪಕ್ಕದ ಹಳೆಯ ಮನೆಗಳ ಗೋಡೆ ನೋಡಿ. ಇದು ಹಿಮಾಲಯಕ್ಕಷ್ಟೇ ಅಲ್ಲ. 2018ರ ಆಗಸ್ಟಿನಲ್ಲಿ ನಮ್ಮ ಕೊಡಗಿನ ಗುಡ್ಡಗಳೇ ಜರಿದದ್ದು ಮರೆಯುವಂತಿಲ್ಲ.

ಮೂರನೆಯದು, ಕೆಟ್ಟ ಕಾಲದಲ್ಲಿ ಹೋಗಿ ನೋಡಿ. ಮೇ ತಿಂಗಳಲ್ಲಿ ಎಲ್ಲ ಗುಡ್ಡವೂ ಚೆಂದವೇ. ಚಳಿಗಾಲದಲ್ಲಿ ಕೇದಾರನಾಥನ ಪೂಜೆಯೇ ಕೆಳಗಿನ ಊಖೀಮಠಕ್ಕೆ ಇಳಿಯುತ್ತದೆ. ಬದರಿಯ ಮೇಲಿನ ಮಾಣಾ ಹಳ್ಳಿಯವರು ಕೂಡ ಹಿಮ ಬೀಳುವ ಮೊದಲು ಮನೆಗೆ ಬೀಗ ಹಾಕಿ ಇಳಿದುಬರುತ್ತಾರೆ. ದೇವರೂ ಅಲ್ಲಿಯವರೂ ಇಳಿದುಬರುವಾಗ ಸಂದಿವಾತದ ಮೊಣಕಾಲಿನ ನಾವು ಏರಿ ಹೋಗಿ ಕೂಡುವುದೇ?

ನಾಲ್ಕನೆಯದು, ಹಣ ಯಾರದು, ಕಾಗದ ಯಾರ ಹೆಸರಿಗೆ ಎಂದು ನೀವೇ ಕೇಳಿ. ಮುಪ್ಪಿನ ಕಾಲದ ಹಣದಲ್ಲಿ ನಿಮ್ಮ ಜೀವನವೂ ಇದೆ. ಹೆಂಗಸರು ಕೇಳಬಾರದು ಎಂಬುದು ಹಳೆಯ ಮಾತು.

ನಮ್ಮ ಮನೆಯಲ್ಲಿ ಏನಾಯಿತು ಅಂತೀರಾ? ಸಿಂದಗಿಯ ಹಳೆಯ ಮಾಳಿಗೆ ಮನೆಯನ್ನು ರಿಪೇರಿ ಮಾಡಿಸಿದೆವು. ಎರಡು ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಹೊಸ ಮಣ್ಣು, ಅಂಗಳದಲ್ಲಿ ಬೇವಿನ ಗಿಡ. ಮಧ್ಯಾಹ್ನ ಪಡಸಾಲೆಯಲ್ಲಿ ತಕ್ಕಮಟ್ಟಿಗೆ ತಂಪಿರುತ್ತದೆ. ಉಳಿದ ಹಣ ಬ್ಯಾಂಕಿನಲ್ಲಿದೆ. ನಂದಾದೇವಿಯ ಫೋಟೋ ಗೋಡೆಯ ಮೇಲಿದೆ, ಅದರ ಹಿಂದೆ ಸೀಳಿಲ್ಲ. ಗುಡ್ಡದ ತಂಪು ಬೇಕೆನಿಸಿದರೆ ನೀವೂ ಹೋಗಿ ಬನ್ನಿ, ಅಲ್ಲಿಯ ಹೆಣ್ಣುಮಕ್ಕಳ ಮನೆಯಲ್ಲಿಯೇ ಬಾಡಿಗೆ ಕೊಟ್ಟು ಇರಿ. ನಿಮಗೆ ತಂಪು, ಅವರಿಗೆ ನಾಲ್ಕು ಕಾಸು.

ಆ ಯಜಮಾನಿ ಈಗಲೂ ಆಗಾಗ ಫೋನು ಮಾಡುತ್ತಾಳೆ. ಇಡುವ ಮೊದಲು ತಪ್ಪದೆ ಕೇಳುತ್ತಾಳೆ: "ಬೆಹೆನ್‌ಜಿ, ನಿಮ್ಮ ಮನೆ ಗಟ್ಟಿ ಇದೆಯಲ್ಲ?"